ವಾರವಿಡೀ ಟ್ರಾಫಿಕ್, ವಾರಾಂತ್ಯಕ್ಕೆ ಕಾಡುದಾರಿ: ಡ್ಯುಯಲ್ ಸ್ಪೋರ್ಟ್ ಬೈಕ್ ಆರಿಸುವ ಲೆಕ್ಕಾಚಾರ

ಡ್ಯುಯಲ್ ಸ್ಪೋರ್ಟ್ ಬೈಕ್, ಅಂದರೆ ರಸ್ತೆಗೂ ಕಾಡುದಾರಿಗೂ ಆಗುವ ಬೈಕ್, ಆರಿಸಲು ಕೂತವರು ಸಾಮಾನ್ಯವಾಗಿ ಸಿಸಿ, ಅಶ್ವಶಕ್ತಿ, ಟಾಪ್ ಸ್ಪೀಡ್ ಅಂತ ಶುರುಹಚ್ಚಿಕೊಳ್ಳುತ್ತಾರೆ. ಅದಕ್ಕೂ ಮುಂಚೆ ನಿಮ್ಮ ಮನಸ್ಸಿನಲ್ಲಿರುವ ಬೈಕುಗಳ ಮಾಲೀಕರ ಕೈಪಿಡಿ ಇಳಿಸಿಕೊಂಡು ಸರ್ವಿಸ್ ಪಟ್ಟಿಯ ಪುಟ ತೆರೆಯಿರಿ. ಎಂಜಿನ್ ಆಯಿಲ್ ಬದಲಿಸುವ ಅವಧಿಯನ್ನು ಕಿಲೋಮೀಟರ್‌ಗಳಲ್ಲಿ ಕೊಟ್ಟಿದ್ದಾರೋ, ಗಂಟೆಗಳಲ್ಲೋ? ಗಂಟೆಗಳಲ್ಲಿದ್ದರೆ ಅದು ನಂಬರ್ ಪ್ಲೇಟ್ ಹಾಕಿಕೊಂಡ ರೇಸ್ ಬೈಕು.

ಕೆಟಿಎಂ 350 ಇಎಕ್ಸ್‌ಸಿ-ಎಫ್, 500 ಇಎಕ್ಸ್‌ಸಿ-ಎಫ್, ಹಸ್ಕ್‌ವರ್ನಾದ ಎಫ್‌ಇ ಸಾಲು ಈ ಜಾತಿಯವು. ಪೆಟ್ರೋಲ್ ಬಿಟ್ಟು 110 ಕಿಲೋ ಆಸುಪಾಸು ತೂಗುತ್ತವೆ, ಕಾಡುದಾರಿಯಲ್ಲಿ ಇವುಗಳೆದುರು ಉಳಿದವು ಎಮ್ಮೆಗಳಂತೆ ಕಾಣುತ್ತವೆ. ಆದರೆ ಆಯಿಲ್ ಅವಧಿ 15 ಗಂಟೆ ಅಂತಿದ್ದರೆ ಲೆಕ್ಕ ಹಾಕಿ: ದಿನಕ್ಕೆ ಒಂದೂವರೆ ಗಂಟೆ ಊರೊಳಗೆ ಓಡಾಡುವವರಿಗೆ ಹತ್ತು ಕೆಲಸದ ದಿನಕ್ಕೊಂದು ಆಯಿಲ್ ಚೇಂಜ್. ಸರಾಸರಿ ವೇಗ 20 ಕಿ.ಮೀ. ಅಂದುಕೊಂಡರೆ ಅದು ಬರೀ 300 ಕಿ.ಮೀ. ಓಟ. ಈ ಎಂಜಿನ್‌ಗಳಲ್ಲಿ ಇರುವುದೇ ಒಂದು ಲೀಟರ್ ಚಿಲ್ಲರೆ ಆಯಿಲ್. ಪಿಸ್ಟನ್ ಹಗುರ, ಕಂಪ್ರೆಶನ್ ಜಾಸ್ತಿ, ರೇಡಿಯೇಟರ್‌ಗೆ ಗಾಳಿ ಬೀಸುತ್ತಲೇ ಇರುತ್ತದೆ ಎಂಬ ಲೆಕ್ಕದಲ್ಲಿ ಕಟ್ಟಿದ್ದು. ಸಿಗ್ನಲ್‌ನಲ್ಲಿ ನಿಂತು ನಿಂತು ಓಡುವುದೇ ಅದಕ್ಕೆ ಶಿಕ್ಷೆ. ಜೊತೆಗೆ ಹಿಂದಿನ ಹಬ್‌ನಲ್ಲಿ ಎಳೆತದ ಏಟು ತಗ್ಗಿಸುವ ಕುಶ್ ಡ್ರೈವ್ ರಬ್ಬರ್‌ಗಳೂ ಇರುವುದಿಲ್ಲ. ಮಣ್ಣಿನ ಮೇಲಾದರೆ ಟೈರ್ ಜಾರಿ ಎಳೆತದ ಏಟನ್ನು ನುಂಗುತ್ತದೆ; ಟಾರಿನ ಮೇಲೆ ಟೈರ್ ಜಾರುವುದಿಲ್ಲ, ಆ ಏಟು ನೇರವಾಗಿ ಚೈನ್‌ಗೂ ಗೇರ್‌ಬಾಕ್ಸ್‌ಗೂ ಹೋಗುತ್ತದೆ.

ಹೋಂಡಾ ಸಿಆರ್‌ಎಫ್300ಎಲ್, ಕವಾಸಾಕಿ ಕೆಎಲ್‌ಎಕ್ಸ್300, ಹೀರೋ ಎಕ್ಸ್‌ಪಲ್ಸ್ 200 4ವಿ, ಸುಝುಕಿ ಡಿಆರ್650 ತರದವುಗಳ ಸರ್ವಿಸ್ ಪಟ್ಟಿ ಸಾವಿರಾರು ಕಿಲೋಮೀಟರ್‌ಗಳ ಲೆಕ್ಕದಲ್ಲಿದೆ. ದಿನಾ ಆಫೀಸಿಗೆ ಹೋಗಿಬರುವ ಬೈಕು ಈ ಗುಂಪಿನಿಂದಲೇ ಬರಬೇಕು. ಇದರಲ್ಲಿ ರಾಜಿ ಬೇಡ.

ನನ್ನ ಲೆಕ್ಕ ಇಷ್ಟೇ. ವರ್ಷದ ಓಟದಲ್ಲಿ ಊರಿನ ಪಾಲೇ ದೊಡ್ಡದು. ಕಾಡುದಾರಿಗೆ ಮೂರೇ ವಿಷಯಗಳಲ್ಲಿ ಮಾತಾಡುವ ಹಕ್ಕು ಕೊಡಿ: ತೂಕ, ಸಸ್ಪೆನ್ಶನ್ ಆಳ (ಚಕ್ರ ಮೇಲೆ ಕೆಳಗೆ ಆಡುವ ದೂರ), ಚಕ್ರದ ಅಳತೆ. ಇವನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ, ಅಥವಾ ಬಹಳ ದುಬಾರಿ. ಮಿಕ್ಕಿದ್ದೆಲ್ಲ ಊರೇ ತೀರ್ಮಾನಿಸಲಿ.

ತೂಕ

1968ರಲ್ಲಿ ಯಮಾಹಾ ಡಿಟಿ-1 ಬಂದಾಗ ಅದರಲ್ಲಿದ್ದದ್ದು 250 ಸಿಸಿಯ ಸಾದಾ ಟೂ-ಸ್ಟ್ರೋಕ್ ಎಂಜಿನ್. ಆಗಿನ ಭಾರೀ ಸ್ಕ್ರ್ಯಾಂಬ್ಲರ್‌ಗಳ (ಮಣ್ಣುದಾರಿಗೆ ಮಾರ್ಪಡಿಸಿದ ರಸ್ತೆ ಬೈಕುಗಳ) ಎದುರು ಅದು ಗೆದ್ದದ್ದು ಹಗುರವಾಗಿತ್ತು, ಸಾಧುವಾಗಿತ್ತು ಅನ್ನುವ ಕಾರಣಕ್ಕೆ. ಅಂದಿನಿಂದ ಇಂದಿನವರೆಗೂ ಈ ಲೆಕ್ಕ ಬದಲಾಗಿಲ್ಲ.

ಪೆಟ್ರೋಲ್ ತುಂಬಿ ನಿಂತಾಗಿನ ತೂಕಗಳನ್ನು ಸುಮಾರಾಗಿ ಹೇಳುವುದಾದರೆ ಸಿಆರ್‌ಎಫ್300ಎಲ್ 142 ಕಿಲೋ, ಡಿಆರ್-ಝಡ್400ಎಸ್ 144, ಎಕ್ಸ್‌ಆರ್650ಎಲ್ 157, ಎಕ್ಸ್‌ಪಲ್ಸ್ 200 4ವಿ 158, ಡಿಆರ್650 166. ಅಲ್ಲಿಂದ ಮುಂದೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸುಮಾರು 196, ಕವಾಸಾಕಿ ಕೆಎಲ್‌ಆರ್650 ಇನ್ನೂರು ದಾಟುತ್ತದೆ. ಕೊನೆಯ ಎರಡು ಒಳ್ಳೆಯ ಬೈಕುಗಳೇ, ಆದರೆ ಅವು ದೂರದ ಪಯಣದ ಬೈಕುಗಳು. ಜಲ್ಲಿ ರಸ್ತೆ, ಬಂಡಿಜಾಡು ಓಡಿಯಾವು. ಒಬ್ಬರೇ ಹೋಗಿ ಕೆಸರಿನ ಏರಿನಲ್ಲಿ ಸಿಕ್ಕಿಕೊಂಡರೆ ಕಷ್ಟ.

ಪರೀಕ್ಷೆ ಸುಲಭ. ಕಾಡುದಾರಿಯಲ್ಲಿ ಬೈಕ್ ಬೀಳುತ್ತದೆ, ಕಲಿಯುವಾಗ ಒಂದೇ ಏರಿನಲ್ಲಿ ಎರಡು ಮೂರು ಸಲ ಬೀಳುತ್ತದೆ. ಮಲಗಿದ ಬೈಕನ್ನು ಹೆಲ್ಮೆಟ್, ಬೂಟು ಹಾಕಿಕೊಂಡು ಒಬ್ಬರೇ ಮೂರು ಸಲ ಸಾಲಾಗಿ ಎತ್ತಿ ನಿಲ್ಲಿಸಲು ಆಗಬೇಕು. ಮೊದಲ ಸಲ ಎಲ್ಲರೂ ಎತ್ತುತ್ತಾರೆ, ಮೂರನೆಯದರಲ್ಲಿ ಗೊತ್ತಾಗುತ್ತದೆ. ಶೋರೂಮಿನಲ್ಲಿ ಹೀಗೆ ಮಲಗಿಸಲು ಬಿಡುವುದಿಲ್ಲ ನಿಜ. ಅದೇ ಬೈಕ್ ಇರುವ ಗೆಳೆಯರನ್ನು ಹಿಡಿಯಿರಿ, ಹುಲ್ಲಿನ ಮೇಲೆ ಮಲಗಿಸಿ ನೋಡಿ. 150 ಕಿಲೋ ಆಸುಪಾಸಿನಲ್ಲಿ ಬಹಳ ಮಂದಿಗೆ ಇದು ಸಾಧ್ಯ. 200ರ ಹತ್ತಿರ ಇಳಿಜಾರಿನಲ್ಲಿ ತಲೆಕೆಳಗಾಗಿ ಬಿದ್ದದ್ದನ್ನು ಎತ್ತಲು ಇನ್ನೊಬ್ಬರು ಬೇಕು.

ತೂಕ ಎಷ್ಟು ಅನ್ನುವುದರ ಜೊತೆಗೆ ಎಲ್ಲಿದೆ ಅನ್ನುವುದೂ ಮುಖ್ಯ. 20 ಲೀಟರ್ ಟ್ಯಾಂಕ್ ತುಂಬಿದರೆ 15 ಕಿಲೋ ಪೆಟ್ರೋಲ್ ಹ್ಯಾಂಡಲ್‌ನ ಕೆಳಗೇ, ಎತ್ತರದಲ್ಲಿ ಕೂರುತ್ತದೆ. ಹ್ಯಾಂಡಲನ್ನು ಪೂರ್ತಿ ಒಂದು ಬದಿಗೆ, ಲಾಕ್‌ವರೆಗೆ ತಿರುಗಿಸುವಾಗ ಬೈಕು ಆ ಕಡೆಗೇ ವಾಲುತ್ತದೆ. ಹಗುರದ ಬೈಕ್ ಕೊಂಡು ಆಮೇಲೆ ಕಬ್ಬಿಣದ ಕ್ರ್ಯಾಶ್ ಗಾರ್ಡ್, ಸ್ಟ್ಯಾಂಡ್, ಎರಡು ಅಲ್ಯೂಮಿನಿಯಂ ಪೆಟ್ಟಿಗೆ ಹೊರಿಸಿದರೆ ಕೊಂಡ ಕಾರಣವೇ ಹೋಯಿತು.

ಸೀಟಿನ ಎತ್ತರಕ್ಕೆ ಹೆದರುವ ಮುನ್ನ

ಸಿಆರ್‌ಎಫ್300ಎಲ್‌ನ ಸೀಟು 880 ಮಿ.ಮೀ., ಹಳೆಯ ಡಿಆರ್-ಝಡ್400ಎಸ್‌ನದು 935, ಎಕ್ಸ್‌ಆರ್650ಎಲ್‌ನದು 940. ಕಾಗದದ ಮೇಲೆ ಇವು ಭಯ ಹುಟ್ಟಿಸುತ್ತವೆ. ಆದರೆ ಅದು ಸವಾರರಿಲ್ಲದ ಅಳತೆ. ಮೆತ್ತನೆಯ, ಆಳದ ಸಸ್ಪೆನ್ಶನ್ ಇರುವ ಬೈಕಿನಲ್ಲಿ ಕೂತೊಡನೆ ಸೀಟು ಹಲವು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಸೀಟು ಕಿರಿದಾಗಿರುವುದರಿಂದ ಕಾಲು ನೇರ ಕೆಳಗೆ ಬರುತ್ತದೆ. ಅಗಲ ಸೀಟಿನ 840ಕ್ಕೂ ಕಿರಿದಾದ ಸೀಟಿನ 880ಕ್ಕೂ ನೆಲ ಮುಟ್ಟುವುದರಲ್ಲಿ ಬಹಳ ವ್ಯತ್ಯಾಸ ಕಾಣದಿರಬಹುದು. ಎರಡೂ ಪಾದ ಪೂರ್ತಿ ಊರಬೇಕು ಅನ್ನುವ ಹಟ ಬೇಡ. ಸಿಗ್ನಲ್‌ನಲ್ಲಿ ಬಲಗಾಲು ಹಿಂದಿನ ಬ್ರೇಕಿನ ಮೇಲೆ, ಎಡಗಾಲಿನ ಮುಂಗಾಲು ನೆಲದ ಮೇಲೆ, ಸೊಂಟ ಸ್ವಲ್ಪ ಎಡಕ್ಕೆ ಜರುಗಿಸಿದರೆ ಸಾಕು. ಎತ್ತರದ ಸೀಟಿಗೆ ಊರಲ್ಲಿ ಒಂದು ಲಾಭವೂ ಇದೆ: ಮುಂದಿನ ಕಾರಿನ ಚಾವಣಿಯ ಮೇಲಿಂದ ಎರಡು ವಾಹನದಾಚೆ ಏನಾಗುತ್ತಿದೆ ಅಂತ ಕಾಣುತ್ತದೆ.

ನಿಜಕ್ಕೂ ಎಟುಕದಿದ್ದರೆ ಈ ಕ್ರಮದಲ್ಲಿ ಹೋಗಿ. ಮೊದಲು ಸ್ಯಾಗ್, ಅಂದರೆ ಭಾರ ಬಿದ್ದಾಗ ಸಸ್ಪೆನ್ಶನ್ ಕುಗ್ಗುವ ಪ್ರಮಾಣ, ಸರಿಮಾಡಿ (ಹೇಗೆಂದು ಕೆಳಗೆ ಹೇಳಿದ್ದೇನೆ). ಆಮೇಲೆ ಸೀಟಿನ ಫೋಮ್ ಮುಂಭಾಗದಲ್ಲಿ, ಅಂಚುಗಳಲ್ಲಿ ಕೆತ್ತಿಸಿ, 20 ಮಿ.ಮೀ. ಸಿಕ್ಕರೂ ದೊಡ್ಡದು. ಲೋಯರಿಂಗ್ ಲಿಂಕ್ (ಹಿಂದಿನ ಸಸ್ಪೆನ್ಶನ್‌ನ ಕೊಂಡಿಯ ಬದಲಿಗೆ ಹಾಕುವ ಬೇರೆ ಅಳತೆಯ ಕೊಂಡಿ) ಕೊನೆಯ ದಾರಿ. ಅದು ಬೈಕನ್ನು 25ರಿಂದ 40 ಮಿ.ಮೀ. ಇಳಿಸುತ್ತದೆ, ಜೊತೆಗೆ ಗ್ರೌಂಡ್ ಕ್ಲಿಯರೆನ್ಸನ್ನೂ ತಿನ್ನುತ್ತದೆ. ಲಿಂಕಿನ ಲಿವರೇಜ್ ಬದಲಾಗುವುದರಿಂದ ಹಿಂದಿನ ಸ್ಪ್ರಿಂಗ್ ಮೊದಲಿಗಿಂತ ಮೆತ್ತಗಾದಂತೆ ವರ್ತಿಸುತ್ತದೆ, ದೊಡ್ಡ ಗುಂಡಿಯಲ್ಲಿ ಟೈರು ಮಡ್‌ಗಾರ್ಡ್‌ಗೆ ಉಜ್ಜಬಹುದು. ಹಿಂದೆ ಇಳಿಸಿದ ಮೇಲೆ ಮುಂದೆಯೂ ಫೋರ್ಕ್ ಕೊಳವೆಗಳನ್ನು ಕ್ಲ್ಯಾಂಪ್‌ನಲ್ಲಿ 10–15 ಮಿ.ಮೀ. ಮೇಲೆ ಸರಿಸಬೇಕು, ಇಲ್ಲದಿದ್ದರೆ ಸ್ಟಿಯರಿಂಗ್ ಮಂದವಾಗುತ್ತದೆ. ಬಹುತೇಕರು ಮರೆಯುವುದು ಸೈಡ್ ಸ್ಟ್ಯಾಂಡನ್ನು. ಅದು ಈಗ ಉದ್ದವಾಯಿತು, ಬೈಕು ನೆಟ್ಟಗೆ ನಿಲ್ಲುತ್ತದೆ, ಪಾರ್ಕಿಂಗ್‌ನಲ್ಲಿ ಯಾರದೋ ಚೀಲ ತಗಲಿದರೂ ಉರುಳುತ್ತದೆ. ಸ್ಟ್ಯಾಂಡ್ ಕತ್ತರಿಸಿ ಬೆಸುಗೆ ಹಾಕಿಸುವುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಎಂಜಿನ್ ಮತ್ತು ಗೇರಿಂಗ್

ದಿನದ ಓಟದಲ್ಲಿ 100 ಕಿ.ಮೀ. ವೇಗದ ಹೆದ್ದಾರಿ ಇಲ್ಲವಾದರೆ 200ರಿಂದ 300 ಸಿಸಿ ಸಾಕು. 19ರಿಂದ 28 ಅಶ್ವಶಕ್ತಿ ಊರಿನಲ್ಲಿ ಯಾವತ್ತೂ ಕಡಿಮೆ ಅನ್ನಿಸುವುದಿಲ್ಲ, ಕಾಡುದಾರಿಯಲ್ಲಿ ಹೊಸಬರಿಗೆ ಅದೇ ಹೆಚ್ಚು. ಹೆದ್ದಾರಿಯೇ ಅರ್ಧ ದಾರಿ ಆಗಿದ್ದರೆ 400ರ ಮೇಲೆ ಹೋಗಿ. 300ರ ಬೈಕು ಆ ವೇಗದಲ್ಲಿ ಓಡುತ್ತದೆ, ಆದರೆ ಎದುರುಗಾಳಿಗೂ ಏರಿಗೂ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಡಿಆರ್650, ಎಕ್ಸ್‌ಆರ್650ಎಲ್‌ಗಳಲ್ಲಿ ಐದೇ ಗೇರ್. ಮೊದಲನೆಯದು ಕಡಿದಾದ ಕಲ್ಲು ಏರಿಗೆ ಉದ್ದವಾಯಿತು, ಅಂದರೆ ಬೇಕಾದಷ್ಟು ನಿಧಾನ ಹೋಗದು ಅನ್ನಿಸುತ್ತದೆ.

ಊರಿಗೂ ಕಾಡಿಗೂ ಒಂದೇ ಪರೀಕ್ಷೆ ಸಾಲುತ್ತದೆ: ಮೊದಲ ಗೇರ್‌ನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಬೈಕ್ ಎಷ್ಟು ನಿಧಾನ ತೆವಳುತ್ತದೆ ನೋಡಿ. ಐಡಲ್ 1,400 ಆರ್‌ಪಿಎಂ, ಮೊದಲ ಗೇರ್‌ನ ಒಟ್ಟು ಅನುಪಾತ 27 (ಎಂಜಿನ್ 27 ಸುತ್ತಿದರೆ ಚಕ್ರ ಒಂದು ಸುತ್ತು), ಹಿಂದಿನ ಟೈರ್ 120/80-18 ಅಂದುಕೊಳ್ಳಿ. ಟೈರಿನ ಸುತ್ತಳತೆ ಸುಮಾರು 2.04 ಮೀಟರ್, ಚಕ್ರ ನಿಮಿಷಕ್ಕೆ 52 ಸುತ್ತು, ಗಂಟೆಗೆ 6.3 ಕಿ.ಮೀ. ಚುರುಕಾಗಿ ನಡೆಯುವವರ ವೇಗ. ಬೈಕು ಈ ವೇಗದಲ್ಲಿ ಕುಲುಕದೆ ಹೋದರೆ ಟ್ರಾಫಿಕ್‌ನಲ್ಲಿ ಎಡಗೈ ಬದುಕಿತು, ಕಲ್ಲುಗಳ ನಡುವೆ ಕ್ಲಚ್ ಪ್ಲೇಟ್ ಬದುಕಿತು. 8–9 ಕಿ.ಮೀ.ಗಿಂತ ಕೆಳಗೆ ಬರಲು ಒಪ್ಪದಿದ್ದರೆ ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲುಚಕ್ರ) ಬದಲಿಸಬೇಕು.

ಸ್ಪ್ರಾಕೆಟ್ ಲೆಕ್ಕ: 14/40 (ಮುಂದೆ 14 ಹಲ್ಲು, ಹಿಂದೆ 40) ಇದ್ದರೆ ಅನುಪಾತ 2.86. ಮುಂದಿನದನ್ನು 13 ಹಲ್ಲಿಗೆ ಇಳಿಸಿದರೆ 3.08, ಅಂದರೆ ಗೇರಿಂಗ್ ಶೇ 7.7 ಗಿಡ್ಡ: ಎಳೆತ ಹೆಚ್ಚು, ವೇಗ ಕಡಿಮೆ. ಇದೇ ಪರಿಣಾಮ ಹಿಂದಿನಿಂದ ಬೇಕಿದ್ದರೆ 43 ಹಲ್ಲು. ಹಾಗಾಗಿ ಮುಂದಿನ ಒಂದು ಹಲ್ಲು ಹಿಂದಿನ ಮೂರಕ್ಕೆ ಸಮ. ಮುಂದಿನದು ಅಗ್ಗ, ಅರ್ಧ ಗಂಟೆ ಕೆಲಸ, ಚೈನ್ ಹಳೆಯದೇ ನಡೆಯುತ್ತದೆ. ತೊಂದರೆಗಳೂ ಇವೆ. ಚಿಕ್ಕ ಹಲ್ಲಿನ ಸುತ್ತ ಚೈನ್ ಹೆಚ್ಚು ಬಾಗಿ ಬೇಗ ಸವೆಯುತ್ತದೆ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಮೇಲಿನ ಸ್ಲೈಡರ್ ರಬ್ಬರನ್ನು ಉಜ್ಜುತ್ತದೆ. ಹೆದ್ದಾರಿಯಲ್ಲಿ 6,000 ಆರ್‌ಪಿಎಂಗೆ ಹೋಗುತ್ತಿದ್ದ ವೇಗಕ್ಕೆ ಈಗ 6,460 ಬೇಕು. ವೇಗದ ಸೆನ್ಸರ್ ಗೇರ್‌ಬಾಕ್ಸ್‌ನಲ್ಲಿದ್ದರೆ ಸ್ಪೀಡೋಮೀಟರ್ ಇನ್ನು ಹೆಚ್ಚಿಗೆ ತೋರಿಸುತ್ತದೆ. ಮುಂದಿನ ಚಕ್ರದಲ್ಲಿದ್ದರೆ ಏನೂ ಆಗದು. 13 ಮತ್ತು 14 ಎರಡನ್ನೂ ಇಟ್ಟುಕೊಂಡು ದೂರದ ಪಯಣಕ್ಕೆ ಮಾತ್ರ 14 ಹಾಕುವುದು ಒಳ್ಳೆಯ ಪದ್ಧತಿ.

ಏರ್ ಕೂಲಿಂಗಾ, ಲಿಕ್ವಿಡ್ಡಾ? ಬಿದ್ದಾಗ ಒಡೆಯಲು ರೇಡಿಯೇಟರ್ ಇಲ್ಲ ಅನ್ನುವುದು ಏರ್ ಕೂಲಿಂಗಿನ ದೊಡ್ಡ ಗುಣ. ಬೇಸಿಗೆಯ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ತೆವಳಿದ ಮೇಲೆ ಎಂಜಿನ್ ಒರಟಾಗುವುದು, ನ್ಯೂಟ್ರಲ್ ಸಿಗದಿರುವುದು ಅದರ ದೋಷ. ಲಿಕ್ವಿಡ್ ಆಯ್ದರೆ ಫ್ಯಾನ್ ಇದೆಯೇ, ತಾನಾಗಿ ಶುರುವಾಗುತ್ತದೆಯೇ ನೋಡಿ, ಮೊದಲ ಕಾಡುದಾರಿಗೂ ಮುಂಚೆ ರೇಡಿಯೇಟರ್ ಗಾರ್ಡ್ ಹಾಕಿಸಿ.

ಸೈಲೆನ್ಸರ್ ಬದಲಾಯಿಸಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾಪ್ ಮಾಡಿಸುವ ಹುಮ್ಮಸ್ಸು ಎಲ್ಲರಿಗೂ ಬರುತ್ತದೆ. ಸಸ್ಪೆನ್ಶನ್ ಸ್ಪ್ರಿಂಗ್ ಮೆತ್ತಗಿರುವಾಗಲೇ ಅದಕ್ಕೆ ಖರ್ಚು ಮಾಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಚಕ್ರ, ಟೈರ್, ಗಾಳಿ

ಮುಂದೆ 21 ಇಂಚು, ಹಿಂದೆ 18. ಮುಂದೆ 19 ಇಂಚು, ಎರಕದ ಅಲಾಯ್ ಚಕ್ರ ಇದ್ದರೆ ಆ ಬೈಕು ಜಲ್ಲಿ ರಸ್ತೆಗೆ ಮಾತ್ರ ಅಂತ ತಿಳಿಯಿರಿ. 21 ಇಂಚಿನ ಚಕ್ರ ಕಲ್ಲು, ಬೇರುಗಳ ಮೇಲೆ ಹತ್ತಿಹೋಗುತ್ತದೆ, ಚಿಕ್ಕದು ಅವಕ್ಕೆ ಬಡಿಯುತ್ತದೆ. ಹಿಂದೆ 17 ಇಂಚು ಇದ್ದರೂ ನಡೆದೀತು, ಆದರೆ ಗಟ್ಟಿ ಮಣ್ಣಿನ ಟೈರುಗಳ ಆಯ್ಕೆ 18ರಲ್ಲೇ ಹೆಚ್ಚು. ತಂತಿ ಚಕ್ರ ಬಾಗಿದರೆ ನೆಟ್ಟಗೆ ಮಾಡಬಹುದು, ಎರಕದ್ದು ಬಿರುಕು ಬಿಟ್ಟರೆ ಎಸೆಯಬೇಕು. ಹೊಸ ತಂತಿಗಳು ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ಸಡಿಲಾಗುತ್ತವೆ. ಒಂದೊಂದನ್ನೂ ಸ್ಪ್ಯಾನರ್‌ನಿಂದ ತಟ್ಟಿ. ಮಂದ ಶಬ್ದ ಬಂದದ್ದು ಸಡಿಲ. ಒಂದೇ ತಂತಿಯನ್ನು ಜೋರಾಗಿ ತಿರುವಬೇಡಿ, ಕಾಲು ಸುತ್ತಿನಂತೆ ಸುತ್ತಲೂ ಹೋಗಿ.

ಟೈರಿನ ವಿಷಯಕ್ಕೆ ಬಂದರೆ ಮುಂದಿನದು, ಹಿಂದಿನದು ಒಂದೇ ಮಾದರಿ ಇರಬೇಕೆಂದೇನಿಲ್ಲ. ಹಿಂದಿನ ಟೈರ್ ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ನೆಲಕ್ಕೆ. ಆದ್ದರಿಂದ ಮುಂದೆ ಗುಬ್ಬಿ (ಮಣ್ಣು ಹಿಡಿಯುವ ರಬ್ಬರ್ ಉಬ್ಬು) ದೊಡ್ಡದಿರುವ, ರಸ್ತೆಗೆ ಮಾನ್ಯತೆಯ ಗುರುತಿರುವ ಟೈರ್. ಹಿಂದೆ ಅರ್ಧ ರಸ್ತೆ, ಅರ್ಧ ಮಣ್ಣಿನದು. ದಿನಾ ಟಾರಿನ ಮೇಲೆ ಓಡುವವರಿಗೆ ಈ ಜೋಡಿಯೇ ಹೊಂದುತ್ತದೆ. ಹಿಂದೆಯೂ ಪೂರ್ತಿ ನಾಬಿ (ಗುಬ್ಬಿಗಳೇ ತುಂಬಿದ ಮಣ್ಣಿನ ಟೈರ್) ಹಾಕಿದರೆ ಕೆಲವೇ ಸಾವಿರ ಕಿಲೋಮೀಟರ್‌ಗಳಲ್ಲಿ ನಡುವಿನ ಗುಬ್ಬಿಗಳು ಸವೆದು ಚಪ್ಪಟೆಯಾಗುತ್ತವೆ, ಅಂಚಿನವು ಹಾಗೇ ಉಳಿಯುತ್ತವೆ. ತಿರುವಿನಲ್ಲಿ ಬೈಕು ಮೆಟ್ಟಿಲಿಳಿದಂತೆ ವಾಲುತ್ತದೆ. ಒದ್ದೆ ಟಾರು, ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ನಾಬಿಯ ಹಿಡಿತ ತೀರ ಕಡಿಮೆ, ಬ್ರೇಕ್ ದೂರ ಹೆಚ್ಚುತ್ತದೆ. ಮಳೆಗಾಲದ ಸಂಜೆ ಟ್ರಾಫಿಕ್‌ನಲ್ಲಿ ಇದನ್ನು ನೆನಪಿಡಿ.

ಗಾಳಿ: ಟಾರಿಗೆ ಕೈಪಿಡಿಯಲ್ಲಿರುವಷ್ಟು, ಈ ವರ್ಗದ ಹಗುರ ಬೈಕುಗಳಲ್ಲಿ ಅದು 22 ಪಿಎಸ್‌ಐ ಆಸುಪಾಸು. ಮಣ್ಣಿಗೆ 14–16. ಕಲ್ಲು ಜಾಸ್ತಿ ಇದ್ದರೆ 18ರಲ್ಲೇ ಇರಿ. 12ಕ್ಕಿಂತ ಇಳಿಸಿದರೆ ಎರಡು ಅಪಾಯ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಅಥವಾ ರಿಮ್ಮಿನ ಮೇಲೆ ಟೈರ್ ತಿರುಗಿ ವಾಲ್ವಿನ ಕತ್ತು ಹರಿಯುತ್ತದೆ. ಎರಡನೆಯದಕ್ಕೆ ಮದ್ದು ರಿಮ್ ಲಾಕ್, ಅಂದರೆ ಟೈರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿಯುವ ಸಾಧನ. ವಾಲ್ವಿನ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲಕ್ಕೆ, ವಾಲ್ವ್ ಕ್ಯಾಪಿನ ಹತ್ತಿರ ಬಿಡಿ. ಆಗ ಟೈರ್ ಜರುಗಿದರೆ ವಾಲ್ವ್ ಓರೆಯಾಗಿ ಮುಂಚೆಯೇ ತೋರಿಸಿಕೊಡುತ್ತದೆ. ವಾಪಸ್ ಟಾರಿಗೆ ಬಂದಾಗ ಗಾಳಿ ತುಂಬಲು ಕೈಪಂಪು ಜೊತೆಗಿರಲಿ; 15 ಪಿಎಸ್‌ಐನಲ್ಲಿ ವೇಗವಾಗಿ ಹೋದರೆ ಟೈರ್ ಬಿಸಿಯಾಗುತ್ತದೆ.

ಕಾಡುದಾರಿಯಲ್ಲಿ ಪಂಕ್ಚರ್ ನೀವೇ ಹಾಕಬೇಕು, ಮೊದಲ ಸಲ ಮನೆಯಲ್ಲೇ ಮಾಡಿ ನೋಡಿ. ಚೀಲದಲ್ಲಿ ಮೂರು ಟೈರ್ ಲಿವರ್, ಎರಡೂ ಆಕ್ಸಲ್‌ಗೆ ಸ್ಪ್ಯಾನರ್, ವಾಲ್ವ್ ಕೋರ್ ಕೀಲಿ, ಪ್ಯಾಚು, ಪಂಪು, ಒಂದು 21 ಇಂಚಿನ ಟ್ಯೂಬು. ಆ ಟ್ಯೂಬನ್ನು ತುರ್ತಿಗೆ ಹಿಂದಿನ 18ರಲ್ಲೂ ಮಡಚಿ ತೂರಿಸಬಹುದು, ನಿಧಾನವಾಗಿ ಮನೆ ಮುಟ್ಟಿ ಆಮೇಲೆ ಬದಲಿಸಿ. 18ರದ್ದು 21ಕ್ಕೆ ಎಳೆದರೆ ಕಷ್ಟ, ಅದಕ್ಕೇ ದೊಡ್ಡದನ್ನು ಒಯ್ಯುವುದು. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿ. ಟೈರಿನ ಅಂಚನ್ನು ರಿಮ್ಮಿಗೆ ಹಾಕುವಾಗ ಲಿವರ್ ಇರುವ ಜಾಗದ ಎದುರು ಬದಿಯಲ್ಲಿ ಅಂಚು ರಿಮ್ಮಿನ ನಡುಗುಳಿಯಲ್ಲಿ ಕೂತಿರಲೇಬೇಕು. ಮೊಣಕಾಲಿನಿಂದ ಒತ್ತಿ ಹಿಡಿಯಿರಿ. ಅಲ್ಲಿ ಮೇಲೆ ಬಂದಿದ್ದರೆ ಇಲ್ಲಿ ಎಷ್ಟು ಜಗ್ಗಿದರೂ ಆಗದು. ಬಲ ಹೆಚ್ಚಿದಂತೆ ಲಿವರ್ ತುದಿ ಹೊಸ ಟ್ಯೂಬನ್ನೇ ಕಚ್ಚುತ್ತದೆ. ಎರಡನೇ ಪಂಕ್ಚರ್‌ಗಳಲ್ಲಿ ಬಹುಪಾಲು ಹುಟ್ಟುವುದು ಹೀಗೆ.

ಸಸ್ಪೆನ್ಶನ್: ಖರ್ಚು ಮಾಡಬೇಕಾದ ಜಾಗ

ಗುಂಡಿ, ಹಂಪುಗಳ ಊರಿಗೂ ಕಾಡಿಗೂ ಆಳದ ಸಸ್ಪೆನ್ಶನ್ ಒಳ್ಳೆಯದೇ. ಸಿಆರ್‌ಎಫ್300ಎಲ್‌ನಲ್ಲಿ ಎರಡೂ ಕಡೆ 260 ಮಿ.ಮೀ., ಎಕ್ಸ್‌ಪಲ್ಸ್ 200 4ವಿಯಲ್ಲಿ ಮುಂದೆ 190, ಹಿಂದೆ 170. ಅದರದೇ ಪ್ರೊ ಮಾದರಿಯಲ್ಲಿ 250 ಮತ್ತು 220, ಸೀಟು 891ಕ್ಕೆ ಏರುತ್ತದೆ. 200ರ ಆಸುಪಾಸು ಇದ್ದರೆ ಸಾಮಾನ್ಯ ಕಾಡುದಾರಿಗೆ ಧಾರಾಳ. ಆದರೆ ಈ ವರ್ಗದ ಬಹುತೇಕ ಬೈಕುಗಳಿಗೆ ಕಾರ್ಖಾನೆಯಿಂದ ಬರುವ ಸ್ಪ್ರಿಂಗು ಹಗುರ ಮೈಯವರಿಗೆ ಸರಿಹೋಗುವಷ್ಟು ಮೆತ್ತಗಿರುತ್ತದೆ. ಆಳ ಎಷ್ಟಿದ್ದರೇನು, ಅರ್ಧವನ್ನು ನೀವು ಕೂತಾಗಲೇ ಬಳಸಿಬಿಟ್ಟರೆ?

ಅಳೆಯುವುದು ಹೀಗೆ. ಬೈಕನ್ನು ಸ್ಟ್ಯಾಂಡಿಗೇರಿಸಿ ಹಿಂದಿನ ಚಕ್ರ ತೂಗಾಡುವಂತೆ ಮಾಡಿ, ಆಕ್ಸಲ್‌ನಿಂದ ನೇರ ಮೇಲೆ ಮಡ್‌ಗಾರ್ಡಿನ ಮೇಲೊಂದು ಗುರುತು ಹಾಕಿ ದೂರ ಅಳೆಯಿರಿ. ಇದು ಮೊದಲ ಅಳತೆ. ಚಕ್ರ ನೆಲಕ್ಕಿಟ್ಟು, ಬೈಕು ತನ್ನ ಭಾರದಲ್ಲೇ ನಿಂತಾಗ ಎರಡನೆಯದು. ನೀವು ಪೂರ್ತಿ ಗೇರ್ ಹಾಕಿಕೊಂಡು, ಎರಡೂ ಕಾಲು ಫುಟ್‌ಪೆಗ್ ಮೇಲಿಟ್ಟು ಕೂತಾಗ ಮೂರನೆಯದು. ಇದಕ್ಕೆ ಬೈಕ್ ಹಿಡಿಯಲು ಒಬ್ಬರು, ಅಳೆಯಲು ಒಬ್ಬರು ಬೇಕು. ಮೊದಲನೆಯದರಿಂದ ಮೂರನೆಯದನ್ನು ಕಳೆದರೆ ರೈಡರ್ ಸ್ಯಾಗ್. ಅದು ಒಟ್ಟು ಆಳದ ಸುಮಾರು ಮೂರನೇ ಒಂದು ಪಾಲು ಇರಬೇಕು: 260ಕ್ಕೆ 80–85 ಮಿ.ಮೀ., 200ಕ್ಕೆ 60–65. ಹೆಚ್ಚಿದ್ದರೆ ಪ್ರಿಲೋಡ್ ರಿಂಗ್ (ಸ್ಪ್ರಿಂಗನ್ನು ಮೊದಲೇ ಹಿಂಡಿಡುವ ಬಳೆ) ಬಿಗಿ ಮಾಡಿ.

ಈಗ ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಇದು ಫ್ರೀ ಸ್ಯಾಗ್. 25–40 ಮಿ.ಮೀ. ಇದ್ದರೆ ನಿಮ್ಮ ಸ್ಪ್ರಿಂಗ್ ನಿಮಗೆ ಸರಿ. ರೈಡರ್ ಸ್ಯಾಗ್ ಸರಿಯಾಗಿದ್ದೂ ಫ್ರೀ ಸ್ಯಾಗ್ 10 ಮಿ.ಮೀ.ಯೂ ಇಲ್ಲದಿದ್ದರೆ ಸ್ಪ್ರಿಂಗ್ ಮೆದು ಅಂತ ಅರ್ಥ. ಇದನ್ನು ಬಹಳ ಮಂದಿ ತಿರುಗಾಮುರುಗಾ ಓದಿ, ಸ್ಪ್ರಿಂಗ್ ಗಟ್ಟಿಯಾಯಿತೆಂದು ಇನ್ನೂ ಮೆದುವಾದದ್ದನ್ನು ತರುತ್ತಾರೆ. ಆದದ್ದೇನೆಂದರೆ, ಮೆದು ಸ್ಪ್ರಿಂಗನ್ನು ಪ್ರಿಲೋಡ್‌ನಿಂದ ಹಿಂಡಿ ಹಿಂಡಿ ನಿಮ್ಮ ಭಾರ ಹೊರುವಂತೆ ಮಾಡಿದ್ದೀರಿ. ಸವಾರರಿಲ್ಲದಾಗ ಅದು ಬೈಕನ್ನು ಮೇಲಕ್ಕೆ ತಳ್ಳಿ ನಿಲ್ಲಿಸಿದೆ. ಪ್ರಿಲೋಡ್ ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಎತ್ತರವನ್ನಷ್ಟೇ ಬದಲಿಸುತ್ತದೆ. ಹಿಂದೆ ಸ್ಪ್ರಿಂಗ್ ಬದಲಿಸಿದರೆ ಮುಂದಿನ ಫೋರ್ಕ್‌ನವನ್ನೂ ಬದಲಿಸಿ, ಇಲ್ಲವಾದರೆ ಬ್ರೇಕ್ ಹಿಡಿದಾಗ ಮೂಗು ಮುಳುಗಿ ಹಿಂಭಾಗ ನೆಗೆಯುತ್ತದೆ. ಹಿಂಬದಿ ಸವಾರರನ್ನು ದಿನಾ ಕೂರಿಸುವವರು ಆ ಅಳತೆಯ ಪ್ರಿಲೋಡ್ ಸುತ್ತುಗಳನ್ನು ಬೇರೆಯಾಗಿ ಎಣಿಸಿ ಬರೆದಿಟ್ಟುಕೊಳ್ಳಬೇಕು.

ಬ್ರೇಕು, ಎಬಿಎಸ್

ಹಿಂದಿನ ಎಬಿಎಸ್ ಆಫ್ ಮಾಡಲು ಸ್ವಿಚ್ ಇರಲೇಬೇಕು. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಎಬಿಎಸ್ ಹಿಂದಿನ ಬ್ರೇಕನ್ನು ಬಿಡುತ್ತಾ ಹಿಡಿಯುತ್ತಾ ಹೋಗಿ ಬ್ರೇಕೇ ಇಲ್ಲವೇನೋ ಅನ್ನಿಸುತ್ತದೆ. ಟೈರ್ ಲಾಕ್ ಆಗಿ ಮುಂದೆ ಮಣ್ಣಿನ ಗುಡ್ಡೆ ಕಟ್ಟಿದರೆ ಬೇಗ ನಿಲ್ಲುತ್ತದೆ, ಎಬಿಎಸ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಇಗ್ನಿಷನ್ ಆಫ್ ಮಾಡಿ ಹಾಕಿದೊಡನೆ ಬಹುತೇಕ ಬೈಕುಗಳಲ್ಲಿ ಎಬಿಎಸ್ ಮತ್ತೆ ಆನ್ ಆಗಿರುತ್ತದೆ. ನಡುದಾರಿಯಲ್ಲಿ ಎಂಜಿನ್ ನಿಂತರೆ ಹೊರಡುವ ಮುನ್ನ ಮೀಟರಿನ ಮೇಲೆ ಕಣ್ಣಾಡಿಸಿ. ಊರಲ್ಲಿ ಅದು ಆನ್ ಇರಲಿ.

ಊರಿಗೆ ಬೇಕಾದ ಸಣ್ಣಪುಟ್ಟ

ಟ್ಯಾಂಕು: ಸಿಆರ್‌ಎಫ್300ಎಲ್‌ನಲ್ಲಿ 7.8 ಲೀಟರ್. ಲೀಟರಿಗೆ 30 ಕಿ.ಮೀ. ಕೊಟ್ಟರೂ 230ಕ್ಕೆ ಖಾಲಿ. ಕಾಡುದಾರಿಯಲ್ಲಿ ಅದು 20–22ಕ್ಕೆ ಇಳಿಯುತ್ತದೆ, 150 ದಾಟುವಾಗಲೇ ಪಂಪು ಹುಡುಕಿ. ಎಕ್ಸ್‌ಪಲ್ಸ್‌ನ 13 ಲೀಟರ್ ಇಲ್ಲಿ ನಿಜವಾದ ಅನುಕೂಲ. ಕನ್ನಡಿಗಳ ಕಾಂಡ ಮಡಚುವಂತಿರಲಿ. ಹಿಂದಿನ ಸಬ್‌ಫ್ರೇಮ್ (ಸೀಟು ಹೊರುವ ಚೌಕಟ್ಟು) ಬೋಲ್ಟ್ ಹಾಕಿದ್ದೋ ಬೆಸುಗೆಯದ್ದೋ ನೋಡಿಕೊಳ್ಳಿ. ಬೋಲ್ಟಿನದಾದರೆ ಬಾಗಿದಾಗ ಅದೊಂದನ್ನೇ ಬದಲಿಸಬಹುದು. ಲ್ಯಾಪ್‌ಟಾಪ್, ಬುತ್ತಿ ಇತ್ಯಾದಿಗೆ ಕೈಪಿಡಿ ಹೇಳಿದ ಭಾರದ ಮಿತಿಯೊಳಗೆ ಮೆತ್ತನೆಯ ಚೀಲ ಕಟ್ಟಿ. ಕಿರಿದಾದ ಸೀಟು ಒಂದು ಗಂಟೆ ದಾಟಿದರೆ ನೋಯಿಸುತ್ತದೆ, ಅದಕ್ಕೆ ಫೋಮ್ ಅಗಲ ಮಾಡಿಸುವುದೊಂದೇ ದಾರಿ.

ಬಿದ್ದರೂ ಮನೆಗೆ ಓಡಿಸಿಕೊಂಡು ಬರಲು ಬೇಕಾದವು ನಾಲ್ಕು. ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವ ಹ್ಯಾಂಡ್ ಗಾರ್ಡ್; ಎಂಜಿನ್ ಕೆಳಗಿನ ಬ್ಯಾಶ್ ಪ್ಲೇಟ್, ಆಯಿಲ್ ಡ್ರೈನ್ ಬೋಲ್ಟಿಗೆ ಕಿಂಡಿ ಇರುವಂಥದ್ದು; ತುದಿ ಮಡಚುವ ಗೇರ್ ಲಿವರ್; ರೇಡಿಯೇಟರ್ ಗಾರ್ಡ್. ಕ್ಲಚ್, ಬ್ರೇಕ್ ಲಿವರ್‌ಗಳ ಕ್ಲ್ಯಾಂಪನ್ನು ಪೂರ್ತಿ ಬಿಗಿಯಬೇಡಿ, ಕೈಯಿಂದ ಜೋರಾಗಿ ತಳ್ಳಿದರೆ ತಿರುಗುವಷ್ಟಿರಲಿ. ಬಿದ್ದಾಗ ಅವು ತಿರುಗುತ್ತವೆ, ಮುರಿಯುವುದಿಲ್ಲ. ನಿಂತು ಓಡಿಸುವುದು ರೂಢಿಯಾದ ಮೇಲೆ ಫುಟ್‌ಪೆಗ್‌ನ ರಬ್ಬರ್ ತೆಗೆದುಹಾಕಿ, ಹಿಂದಿನ ಬ್ರೇಕ್ ಪೆಡಲನ್ನು ನಿಂತಾಗ ಪಾದಕ್ಕೆ ಸಿಗುವ ಎತ್ತರಕ್ಕೆ ಹೊಂದಿಸಿ.

ಏರ್ ಫಿಲ್ಟರ್ ಫೋಮಿನದಾದರೆ ಒಳ್ಳೆಯದು, ತೊಳೆದು ಬಳಸಬಹುದು. ಧೂಳಿನ ದಿನದ ನಂತರ ಫಿಲ್ಟರ್ ಕ್ಲೀನರ್‌ನಲ್ಲಿ ನೆನೆಸಿ, ಹಿಂಡದೆ ಒತ್ತಿ, ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಸಮನಾಗಿ ಹಚ್ಚಿ ಹೆಚ್ಚಿನದನ್ನು ಒತ್ತಿ ತೆಗೆಯಿರಿ. ಹಿಂಡಿ ತಿರುಚಿದರೆ ಹೊಲಿಗೆ ಬಿಡುತ್ತದೆ. ಕೂರುವ ಅಂಚಿಗೆ ತೆಳ್ಳಗೆ ಗ್ರೀಸ್. ಕಾಗದದ ಫಿಲ್ಟರ್ ಒದ್ದೆಯಾದರೆ ಮುಗಿಯಿತು, ಇನ್ನೊಂದು ಮನೆಯಲ್ಲಿರಲಿ.

ಸೆಕೆಂಡ್ ಹ್ಯಾಂಡ್ ನೋಡುವಾಗ

ಓಡೋಮೀಟರ್ ಅರ್ಧ ಸತ್ಯ ಹೇಳುತ್ತದೆ. ಕಾಡುದಾರಿಯ ಒಂದು ಸಾವಿರ ಕಿಲೋಮೀಟರ್ ಟಾರಿನ ಹಲವು ಸಾವಿರಕ್ಕೆ ಸಮ. ಏರ್‌ಬಾಕ್ಸ್ ಮುಚ್ಚಳ ತೆಗೆಸಿ. ಫಿಲ್ಟರ್‌ನ ಎಂಜಿನ್ ಕಡೆಯ ಕೊಳವೆಯೊಳಗೆ ಬಿಳಿ ಬಟ್ಟೆಯಲ್ಲಿ ಒರೆಸಿ. ಧೂಳು ಬಂದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ, ಆ ಎಂಜಿನ್ ಮಣ್ಣು ತಿಂದಿದೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿ. ಡ್ರೈನ್ ಬೋಲ್ಟಿನ ಮೂಲೆಗಳು ಉರುಟಾಗಿವೆಯೇ, ಸುತ್ತ ಸೀಲೆಂಟ್ ಬಳಿದಿದ್ದಾರೆಯೇ ಎಂದು ಕೆಳಗೆ ಬಗ್ಗಿ ನೋಡಿ. ಫುಟ್‌ಪೆಗ್ ಬುಡ, ಫ್ರೇಮಿನ ತಳದ ಕೊಳವೆ, ಸ್ಟಿಯರಿಂಗ್ ಸ್ಟಾಪ್‌ಗಳಲ್ಲಿ ಏಟಿನ ಗುರುತು ಇದ್ದರೆ ಬಿದ್ದ ಚರಿತ್ರೆ ಗೊತ್ತಾಗುತ್ತದೆ.

ಮಾದರಿಗೆ ತಕ್ಕ ಹಳೆಯ ಕಾಯಿಲೆಗಳೂ ಇವೆ. ಡಿಆರ್650ರಲ್ಲಿ ಕ್ಲಚ್ ಹಿಂದೆ ಅಡಗಿರುವ ನ್ಯೂಟ್ರಲ್ ಸೆನ್ಸರ್‌ನ ಸ್ಕ್ರೂಗಳು ಸಡಿಲಾಗಿ ಎಂಜಿನ್ ಒಳಗೇ ಬೀಳಬಹುದು. ಅವನ್ನು ಭದ್ರಪಡಿಸಿದ್ದಾರೆಯೇ ಕೇಳಿ. ಹಳೆಯ ಕೆಎಲ್‌ಆರ್650ರಲ್ಲಿ ಬ್ಯಾಲೆನ್ಸರ್ (ಎಂಜಿನ್ನಿನ ಅದುರು ತಗ್ಗಿಸುವ ಭಾಗ) ಚೈನ್ ಹೊಂದಿಸುವ ಲಿವರ್ ಮುರಿಯುವುದು ಪ್ರಸಿದ್ಧ. ಗಟ್ಟಿ ಲಿವರ್, ಸರಿಯಾದ ಸ್ಪ್ರಿಂಗ್ ಹಾಕಿಸಿದ್ದರೆ ಅದನ್ನು ಮಾರುವವರೇ ಹೆಮ್ಮೆಯಿಂದ ಹೇಳುತ್ತಾರೆ.

ಕೊನೆಗೆ ಬೈಕನ್ನು ಸ್ಟ್ಯಾಂಡಿಗೇರಿಸಿ ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಅಂತ ಆಟ ಸಿಕ್ಕರೆ ಲಿಂಕೇಜ್ (ಹಿಂದಿನ ಸಸ್ಪೆನ್ಶನ್‌ನ ಕೊಂಡಿ) ಬೇರಿಂಗ್ ಹೋಗಿದೆ. ಕೆಳಗಿರುವ ಈ ಬೇರಿಂಗುಗಳಿಗೆ ನೀರು, ಕೆಸರು ನೇರ ಬಡಿಯುತ್ತದೆ, ಕಾರ್ಖಾನೆಯಲ್ಲಿ ಹಚ್ಚುವ ಗ್ರೀಸ್ ಬಲು ಜಿಪುಣ. ಹೊಸ ಬೈಕೇ ಕೊಂಡಿದ್ದರೂ ಮೊದಲ ಮಳೆಗಾಲಕ್ಕೆ ಮುಂಚೆ ಲಿಂಕೇಜ್, ಸ್ವಿಂಗ್‌ಆರ್ಮ್, ಸ್ಟಿಯರಿಂಗ್ ಬೇರಿಂಗುಗಳನ್ನು ಬಿಚ್ಚಿಸಿ ವಾಟರ್‌ಪ್ರೂಫ್ ಗ್ರೀಸ್ ತುಂಬಿಸಿ, ಬೋಲ್ಟುಗಳನ್ನು ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಪ್ರೆಶರ್ ವಾಷರ್‌ನಿಂದ ಆ ಭಾಗಕ್ಕೆ ನೇರ ನೀರು ಹೊಡೆಯಬೇಡಿ. ಸೀಲ್ ದಾಟಿ ಒಳಹೋದ ನೀರು ಗ್ರೀಸನ್ನು ಹೊರಗೆ ಕಳಿಸಿ ತಾನೇ ಅಲ್ಲಿ ಉಳಿಯುತ್ತದೆ.